ಶಾಲೆಯ ಗಣಕಯಂತ್ರದ ಕೀಲಿಕೈ ಯಾರ ಬಳಿ ಇದೆ?

ಶಾಲೆಗೆ ಗಣಕಯಂತ್ರ ಬಂದರೆ ಸಾಕು, ಮಕ್ಕಳ ಭವಿಷ್ಯಕ್ಕೆ ದಾರಿಯಾಯಿತೆಂಬ ಭಾವನೆ ನಮ್ಮ ಪಾಲಕರಲ್ಲಿದೆ. ಅದು ಸಹಜವೇ. ಆದರೆ ಯಂತ್ರ ಬರುವುದು ಬೇರೆ, ಅದರ ಕೀಲಿಕೈ ನಮ್ಮ ಕೈಗೆ ಬರುವುದು ಬೇರೆ. ಈ ಮಾತನ್ನು ಕಾಸರಗೋಡಿನ ಕನ್ನಡ ಬಂಧುಗಳ ಮುಂದಿಡಲು ನಮಗೆ ಕಾರಣವಿದೆ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಸಂಗತಿ ಓದುಗರಿಗೆ ವಿದಿತವೇ ಇದೆ. ಅದೇ ದಿನ ಹೈದರಾಬಾದ್ ರಾಜ್ಯವೂ ಒಡೆಯಿತು. ಅದುವರೆಗೆ ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ಆಂಧ್ರಪ್ರದೇಶದ ಪಾಲಾದವು. ಮಹಬೂಬನಗರ ಜಿಲ್ಲೆಯಲ್ಲಿದ್ದ ನಾರಾಯಣಪೇಟೆ, ಮಕ್ತಲ್‌ಗಳೂ ಅತ್ತಲೇ ಸೇರಿದವು. 2014ರಲ್ಲಿ ತೆಲಂಗಾಣವಾಯಿತು, 2016ರಲ್ಲಿ ಗದ್ವಾಲ, 2019ರಲ್ಲಿ ನಾರಾಯಣಪೇಟೆ ಜಿಲ್ಲಾ ಕೇಂದ್ರಗಳಾದವು. ನಕ್ಷೆ ಎಷ್ಟು ಸಲ ಬದಲಾದರೂ ಮಕ್ತಲ್ ಸೀಮೆಯ, ಕೃಷ್ಣಾ ಮಂಡಲದ ಹಳ್ಳಿಗಳಲ್ಲಿ ಮನೆಮಾತು ಕನ್ನಡವೇ. ಅಲ್ಲಿ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳೂ ಇವೆ. ನಿಮ್ಮ ಕಷ್ಟಗಳೇ ನಮ್ಮವೂ ಆಗಿವೆ.

ಈಗ ಪ್ರಕೃತ ವಿಷಯಕ್ಕೆ ಬರೋಣ. ಗಣಕಯಂತ್ರವನ್ನು ನಡೆಸುವ ಆಪರೇಟಿಂಗ್ ಸಿಸ್ಟಮ್ ಯಾವುದೇ ಇರಲಿ, ವಿಂಡೋಸ್ ಆಗಲಿ ಲಿನಕ್ಸ್ ಆಗಲಿ, ಅದರಲ್ಲಿ ಸರ್ವಾಧಿಕಾರವುಳ್ಳ ಒಂದು ಖಾತೆ ಇರುತ್ತದೆ. ಅದಕ್ಕೆ ವಿಂಡೋಸ್‌ನಲ್ಲಿ ಅಡ್ಮಿನಿಸ್ಟ್ರೇಟರ್ ಎಂದೂ ಲಿನಕ್ಸ್‌ನಲ್ಲಿ ರೂಟ್ ಎಂದೂ ಹೆಸರು. ಎಲ್ಲರಿಗೂ ಸಿಗುವಂತೆ ಹೊಸ ತಂತ್ರಾಂಶ ತುಂಬುವುದು, ಹೊಸ ಖಾತೆ ತೆರೆಯುವುದು, ಇತರರ ಪಾಸ್‌ವರ್ಡ್ ಬದಲಿಸುವುದು ಆ ಖಾತೆಯ ಅಧಿಕಾರ. ಇಂಗ್ಲಿಷಿಗೋ ತೆಲುಗಿಗೋ ಮಲಯಾಳಕ್ಕೋ ಸಿದ್ಧಪಡಿಸಿ ಕಳುಹಿಸಿದ ಯಂತ್ರದಲ್ಲಿ 'ನುಡಿ' ತಂತ್ರಾಂಶ ಹಾಕಬೇಕೆಂದರೆ, ಕನ್ನಡದ ಅಕ್ಷರಶೈಲಿಗಳನ್ನು ಎಲ್ಲ ಮಕ್ಕಳಿಗೂ ದೊರಕಿಸಬೇಕೆಂದರೆ ಈ ಅಧಿಕಾರ ಬೇಕು. ಆದ್ದರಿಂದ ಇದು ಬರೀ ಯಂತ್ರದ ಮಾತಲ್ಲ. ಕೀಲಿಕೈ ಯಾರ ಬಳಿ ಇದೆಯೋ, ಕನ್ನಡಕ್ಕೆ ಪ್ರವೇಶ ಕೊಡುವವರೂ ಅವರೇ.

ನಮ್ಮ ಸೀಮೆಯಲ್ಲಿ ನಾವು ಕಂಡ ಒಂದು ಶಾಲೆಯ ಮಾತು. ಹೆಸರು ಬೇಡ. ಯಂತ್ರಗಳನ್ನು ಜೋಡಿಸಲು ಬಂದವರು ತಮ್ಮದೇ ಪಾಸ್‌ವರ್ಡ್ ಇಟ್ಟು ಹೋದರು. ಅದನ್ನು ಬಲ್ಲ ಒಬ್ಬ ಮಾಸ್ತರರಿಗೆ ವರ್ಗವಾಯಿತು. ಆಮೇಲೆ ಕನ್ನಡ ಹಾಕುವವರಿಲ್ಲ. ಮಕ್ಕಳು ತಮ್ಮ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವುದನ್ನಷ್ಟೇ ಕಲಿತರು. ಇನ್ನು ಕೆಲವೆಡೆ ಇದಕ್ಕೆ ತದ್ವಿರುದ್ಧ: ಬಂದಾಗಿನ ಪಾಸ್‌ವರ್ಡೇ ಇಂದಿಗೂ ಇರುತ್ತದೆ, ಅದನ್ನು ಗೋಡೆಯ ಮೇಲೆ ಬರೆದೂ ಇರುತ್ತಾರೆ. ಯಾರಿಗೂ ಗೊತ್ತಿಲ್ಲದ ಕೀಲಿಕೈ, ಎಲ್ಲರಿಗೂ ಗೊತ್ತಿರುವ ಕೀಲಿಕೈ, ಇವೆರಡೂ ಇಲ್ಲದಂತೆಯೇ ಸರಿ.

ತಯಾರಕರು ಇಟ್ಟ ಪಾಸ್‌ವರ್ಡನ್ನು ಹಾಗೆಯೇ ಬಿಡುವುದು ಎಂಥ ಅಪಾಯವೆಂಬುದಕ್ಕೆ ನಿದರ್ಶನವಿದೆ. 2016ರಲ್ಲಿ 'ಮಿರಾಯ್' ಎಂಬ ದುಷ್ಟ ತಂತ್ರಾಂಶ, ಕಾರ್ಖಾನೆಯಲ್ಲಿ ಇಟ್ಟ ಸುಮಾರು 60 ಹೆಸರು-ಪಾಸ್‌ವರ್ಡ್ ಜೋಡಿಗಳನ್ನಷ್ಟೇ ಪ್ರಯೋಗಿಸಿ ಲಕ್ಷಾಂತರ ಕ್ಯಾಮೆರಾ, ರೌಟರುಗಳನ್ನು ವಶಪಡಿಸಿಕೊಂಡಿತು. ಆ ವರ್ಷ ಅಕ್ಟೋಬರ್ 21ರಂದು ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ಸೇವೆಗಳು ಕೆಲವು ತಾಸು ಸ್ತಬ್ಧವಾದವು. ಕ್ಯಾಲಿಫೋರ್ನಿಯಾ 2020ರಲ್ಲಿ, ಬ್ರಿಟನ್ 2024ರಲ್ಲಿ ಇಂಥ ಪಾಸ್‌ವರ್ಡುಗಳ ವಿರುದ್ಧ ಕಾನೂನು ಜಾರಿಗೊಳಿಸಿದವು. ಹಳೆಯ ವಿಂಡೋಸ್ ಎಕ್ಸ್‌ಪಿಯಲ್ಲಿ ಅಡ್ಮಿನಿಸ್ಟ್ರೇಟರ್ ಖಾತೆ ತಾನಾಗಿ ಇರುತ್ತಿತ್ತು. ಅನೇಕ ಕಡೆ ಅದಕ್ಕೆ ಪಾಸ್‌ವರ್ಡೇ ಇರುತ್ತಿರಲಿಲ್ಲ. 2007ರಲ್ಲಿ ಬಂದ ವಿಸ್ತಾದಿಂದ ಈಚೆಗೆ ಆ ಖಾತೆಯನ್ನು ಮುಚ್ಚಿಯೇ ಕೊಡುತ್ತಾರೆ. ಮಕ್ಕಳ ಅಂಕಪಟ್ಟಿ, ಆಧಾರ್ ಸಂಖ್ಯೆ, ಪಾಲಕರ ವಿವರಗಳಿರುವ ಶಾಲಾ ಯಂತ್ರವನ್ನು ಬಾಗಿಲು ತೆರೆದಿಟ್ಟು ಮಲಗುವುದು ಸರಿಯೇ? ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲವೇನು?

ಪಾಸ್‌ವರ್ಡ್ ಮರೆತರೆ ಯಂತ್ರವೇ ಹಾಳಾಯಿತೆಂದು ತಿಳಿಯಬೇಕಾಗಿಲ್ಲ. ಯಂತ್ರವು ಪಾಸ್‌ವರ್ಡನ್ನು ಇದ್ದಂತೆ ಬರೆದಿಟ್ಟುಕೊಳ್ಳುವುದಿಲ್ಲ, ಅದರಿಂದ ಲೆಕ್ಕ ಹಾಕಿ ಪಡೆದ ಗುರುತನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಹೀಗಾಗಿ ಹಳೆಯದನ್ನು ಕೇಳಿ ಪಡೆಯುವಂತಿಲ್ಲ, ಹೊಸದನ್ನು ಇಡಬಹುದು. ವಿಂಡೋಸ್‌ನಲ್ಲಿ ಅಡ್ಮಿನಿಸ್ಟ್ರೇಟರ್ ಅಧಿಕಾರವುಳ್ಳ ಇನ್ನೊಂದು ಖಾತೆಯಿಂದ ಇದು ಸಾಧ್ಯ. 2018ರಿಂದೀಚಿನ ವಿಂಡೋಸ್‌ನಲ್ಲಿ ಮೊದಲೇ ಬರೆದಿಟ್ಟ ಭದ್ರತಾ ಪ್ರಶ್ನೆಗಳಿಗೆ ಉತ್ತರ ಕೊಟ್ಟೂ ಬದಲಿಸಬಹುದು. ಉಬುಂಟು ಲಿನಕ್ಸಿನಲ್ಲಿ ಯಂತ್ರ ಶುರುವಾಗುವಾಗ ರಿಕವರಿ ಮೋಡ್ ಆರಿಸಿ ಹೊಸದನ್ನು ಕೊಡಬಹುದು. ಕೇರಳದ ಶಾಲೆಗಳಲ್ಲಿ ಕೈಟ್ ಸಂಸ್ಥೆ ಒದಗಿಸುವ ವ್ಯವಸ್ಥೆಯೂ ಉಬುಂಟು ಆಧಾರಿತವೇ. ಆದರೆ ಎಚ್ಚರಿಕೆ ಬೇಕು. ಗೂಢಲಿಪಿಯಲ್ಲಿಟ್ಟ ಕಡತಗಳು ಇಂಥ ಬದಲಾವಣೆಯಿಂದ ಕೈತಪ್ಪಬಹುದು. ಬಿಟ್‌ಲಾಕರ್ ಹಾಕಿದ ಯಂತ್ರಕ್ಕೆ 48 ಅಂಕಿಗಳ ಸಂಖ್ಯೆಯೊಂದಿದೆ. ಅದನ್ನು ಕಾಗದದ ಮೇಲೆ ಬರೆದಿಡದಿದ್ದರೆ ಮುಂದೊಂದು ದಿನ ಪರದಾಡಬೇಕಾದೀತು. ಇನ್ನೊಂದು ಮಾತು: ಯಂತ್ರದ ಮುಂದೆ ಕುಳಿತವನು ಪಾಸ್‌ವರ್ಡ್ ಬದಲಿಸಬಲ್ಲನಾದರೆ, ಗಣಕ ಕೊಠಡಿಯ ಬೀಗವೂ ಪಾಸ್‌ವರ್ಡಿನಷ್ಟೇ ಮುಖ್ಯ.

ಹಾಗಾದರೆ ಏನು ಮಾಡಬೇಕು? ಖರ್ಚಿನ ಕೆಲಸವೇನಲ್ಲ. ಯಂತ್ರ ಬಂದ ದಿನವೇ ಮುಖ್ಯೋಪಾಧ್ಯಾಯರ ಸಮಕ್ಷಮ ಪಾಸ್‌ವರ್ಡ್ ಬದಲಾಗಬೇಕು. ಅಡ್ಮಿನಿಸ್ಟ್ರೇಟರ್ ಅಧಿಕಾರ ಇಬ್ಬರು ಶಿಕ್ಷಕರಿಗೆ ಬೇರೆ ಬೇರೆ ಖಾತೆಗಳಲ್ಲಿರಬೇಕು. ಮಕ್ಕಳಿಗೆ ಸಾಮಾನ್ಯ ಖಾತೆ ಸಾಕು. ಪಾಸ್‌ವರ್ಡುಗಳನ್ನು ಬರೆದು, ಲಕೋಟೆಗೆ ಅಂಟು ಹಾಕಿ, ಸಹಿ ಮಾಡಿ ಕಛೇರಿಯ ಬೀರುವಿನಲ್ಲಿಡಬೇಕು. ವರ್ಗವಾಗಿ ಹೋಗುವವರು ಹಾಜರಿ ಪುಸ್ತಕ, ಬೀಗದ ಗೊಂಚಲುಗಳನ್ನು ಒಪ್ಪಿಸುವಂತೆ ಈ ಲಕೋಟೆಯನ್ನೂ ಒಪ್ಪಿಸಬೇಕು. ಚಾರ್ಜ್ ಪಟ್ಟಿಯಲ್ಲಿ ಅದಕ್ಕೊಂದು ಸಾಲಿರಬೇಕು. ಬಂದವರು ಪಾಸ್‌ವರ್ಡ್ ಬದಲಿಸಿ ಹೊಸ ಲಕೋಟೆ ಇಡಬೇಕು. ಇಲಾಖೆಯ ನಿಯಮಕ್ಕೆ ವಿರೋಧವಾಗಿ ನಡೆಯಿರೆಂದು ನಾವು ಹೇಳುತ್ತಿಲ್ಲ. ಇಲಾಖೆಯೇ ಕೀಲಿಕೈ ಇಟ್ಟುಕೊಂಡಿದ್ದರೆ, ಕನ್ನಡಕ್ಕೆ ಬೇಕಾದುದನ್ನು ಹಾಕಿಕೊಡಿರೆಂದು ಲಿಖಿತವಾಗಿ ಕೇಳಬೇಕು.

ನಾರಾಯಣಪೇಟೆಯಲ್ಲಾಗಲಿ ಕಾಸರಗೋಡಿನಲ್ಲಾಗಲಿ, ಕನ್ನಡ ಶಿಕ್ಷಕರ ಹುದ್ದೆಗಾಗಿ, ಕನ್ನಡ ಪಠ್ಯಪುಸ್ತಕಕ್ಕಾಗಿ ನಾವು ಮನವಿ ಕೊಡುತ್ತಲೇ ಬಂದಿದ್ದೇವೆ. ಅವೆಲ್ಲ ನಡೆಯಲಿ. ಆದರೆ ಶಾಲೆಯ ಒಳಗೇ ನಮ್ಮಿಂದಲೇ ಆಗಬಹುದಾದ ಕೆಲಸಕ್ಕೆ ಯಾವ ಸರಕಾರದ ಅಪ್ಪಣೆಯನ್ನೂ ಕಾಯಬೇಕಿಲ್ಲ. ಮುಂದಿನ ಶಿಕ್ಷಕ-ರಕ್ಷಕ ಸಭೆಯಲ್ಲಿ ಪಾಲಕರು ಎರಡೇ ಪ್ರಶ್ನೆ ಕೇಳಲಿ: ನಮ್ಮ ಶಾಲೆಯ ಗಣಕಯಂತ್ರದ ಕೀಲಿಕೈ ಯಾರ ಬಳಿ ಇದೆ? ಅದರಲ್ಲಿ ನನ್ನ ಮಗು ಕನ್ನಡ ಬರೆಯಬಹುದೇ? ಉತ್ತರ ಸಿಗುವವರೆಗೂ ಎದ್ದು ಬರಬಾರದೆಂಬುದು ನಮ್ಮ ವಿನಂತಿ.