ಗೋಡೆಯಿಲ್ಲದ ಊರಿನ ನ್ಯಾಯ

ಐಸಿಸಿ ಎಂದರೆ ನಮ್ಮ ತರಗತಿಯಲ್ಲಿ ಎಲ್ಲರಿಗೂ ನೆನಪಾಗುವುದು ಕ್ರಿಕೆಟ್. ಅದೇ ಮೂರಕ್ಷರದ ಇನ್ನೊಂದು ಸಂಸ್ಥೆ ಎರಡು–ಮೂರು ವರ್ಷಗಳಿಂದ ಪತ್ರಿಕೆಗಳ ವಿದೇಶ ಪುಟದಲ್ಲಿ ಮತ್ತೆ ಮತ್ತೆ ಕಾಣಿಸುತ್ತಿದೆ. ಅದು ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ. 2023ರ ಮಾರ್ಚ್‌ನಲ್ಲಿ ರಷ್ಯಾ ಅಧ್ಯಕ್ಷ ಪುಟಿನ್ ವಿರುದ್ಧ, 2024ರ ನವೆಂಬರ್‌ನಲ್ಲಿ ಇಸ್ರೇಲ್ ಪ್ರಧಾನಿ ನೆತನ್ಯಾಹು ವಿರುದ್ಧ ಅದು ಬಂಧನ ವಾರಂಟ್ ಹೊರಡಿಸಿತು. 2025ರ ಮಾರ್ಚ್‌ನಲ್ಲಿ ಫಿಲಿಪ್ಪೀನ್ಸ್‌ನ ಮಾಜಿ ಅಧ್ಯಕ್ಷ ಡುಟೆರ್ಟೆ ಅವರನ್ನು ಮನಿಲಾದಲ್ಲಿ ಬಂಧಿಸಿ, ವಿಮಾನ ಹತ್ತಿಸಿ ಕಳಿಸಿದ್ದೂ ಅಲ್ಲಿಗೇ. ಈ ಎಲ್ಲ ಸುದ್ದಿಗಳಲ್ಲೂ ಬರುವ ಊರಿನ ಹೆಸರು ಒಂದೇ: ನೆದರ್ಲೆಂಡ್ಸ್‌ನ ದಿ ಹೇಗ್.

ಇಂಥ ಸುದ್ದಿ ಬಂದಾಗಲೆಲ್ಲ ಹಾಸ್ಟೆಲ್ ಮೆಸ್‌ನಲ್ಲಿ ಒಂದು ಮಾತು ಗ್ಯಾರಂಟಿ: ‘ಆ ಕೋರ್ಟ್ ಮಾತು ಯಾರು ಕೇಳ್ತಾರೆ ಬಿಡೋ!’ ಪ್ರಶ್ನೆ ನ್ಯಾಯವಾದದ್ದೇ. ಪೊಲೀಸರಿಲ್ಲದ, ಸೈನ್ಯವಿಲ್ಲದ ಕೋರ್ಟಿನ ತೀರ್ಪಿಗೆ ಏನು ಬೆಲೆ? ಇದಕ್ಕೆ ಉತ್ತರ ಹುಡುಕಲು ಕಾನೂನು ಪುಸ್ತಕಕ್ಕಿಂತ ಆ ಊರಿನ ಚರಿತ್ರೆಯೇ ಹೆಚ್ಚು ನೆರವಾಗುತ್ತದೆ ಎಂದು ನನಗನ್ನಿಸುತ್ತದೆ.

ನೆದರ್ಲೆಂಡ್ಸ್‌ನ ರಾಜಧಾನಿ ಯಾವುದು ಎಂದು ಕ್ವಿಜ್‌ನಲ್ಲಿ ಕೇಳಿದರೆ ಆಮ್‌ಸ್ಟರ್‌ಡ್ಯಾಮ್ ಎಂದೇ ಬರೆಯಬೇಕು. ಆ ದೇಶದ ಸಂವಿಧಾನ ಹೇಳುವುದೂ ಅದನ್ನೇ, ದೊರೆ ಪ್ರಮಾಣವಚನ ಸ್ವೀಕರಿಸುವುದೂ ಅಲ್ಲೇ. ಆದರೆ ಸಂಸತ್ತು, ಪ್ರಧಾನಿ ಕಚೇರಿ, ಸಚಿವಾಲಯಗಳು, ಸುಪ್ರೀಂ ಕೋರ್ಟ್, ವಿದೇಶಿ ರಾಯಭಾರ ಕಚೇರಿಗಳು ಇರುವುದು ಹೇಗ್‌ನಲ್ಲಿ. ರಾಜಧಾನಿ ಎಂಬ ಪಟ್ಟ ಒಂದು ಊರಿಗೆ, ಆಡಳಿತದ ಹೊಣೆ ಇನ್ನೊಂದು ಊರಿಗೆ. ಈ ವಿಚಿತ್ರ ವ್ಯವಸ್ಥೆಯ ಬೇರು ಸುಮಾರು ಎಂಟುನೂರು ವರ್ಷ ಹಿಂದಿದೆ.

ಹಾಲೆಂಡ್ ಪ್ರಾಂತ್ಯವನ್ನು ಆಳುತ್ತಿದ್ದವರಿಗೆ ಕೌಂಟ್ ಎಂಬ ಪದವಿ ಇತ್ತು. ಸಮುದ್ರತೀರದ ಮರಳುದಿಬ್ಬಗಳ ಹಿಂದೆ, ಒಂದು ಕೊಳದ ಪಕ್ಕದಲ್ಲಿ ಅವರ ವಾಸದ ಆವರಣವಿತ್ತು. ಊರಿನ ಹಳೆಯ ಪೂರ್ಣ ಹೆಸರಿನ ಅರ್ಥವೇ ‘ಕೌಂಟನ ಬೇಲಿ’. 13ನೇ ಶತಮಾನದಲ್ಲಿ ಎರಡನೇ ವಿಲಿಯಂ ಅಲ್ಲಿ ಅರಮನೆ ಕಟ್ಟಲು ಶುರು ಮಾಡಿದ. ಅವನ ಮಗ ಐದನೇ ಫ್ಲೋರಿಸ್‌ನ ಕಾಲದಲ್ಲಿ ‘ವೀರರ ಸಭಾಂಗಣ’ ಎಂಬ ದೊಡ್ಡ ಹಜಾರ ಪೂರ್ತಿಯಾಯಿತು. ಆ ಆವರಣದ ಇಂದಿನ ಹೆಸರು ಬಿನ್ನೆನ್‌ಹೋಫ್, ಅಂದರೆ ಒಳ ಅಂಗಳ. ಡಚ್ ಸಂಸತ್ತಿನ ಮನೆ ಅದೇ. ಸದ್ಯ ಅಲ್ಲಿ ಭಾರಿ ದುರಸ್ತಿ ನಡೆಯುತ್ತಿರುವುದರಿಂದ 2021ರಿಂದ ಸಂಸತ್ತು ಅದೇ ಊರಿನ ಬೇರೆ ಕಟ್ಟಡಗಳಲ್ಲಿ ಸೇರುತ್ತಿದೆ. 47.5 ಕೋಟಿ ಯೂರೊ ಎಂದು ಅಂದಾಜಿಸಿದ್ದ ಕಾಮಗಾರಿಯ ವೆಚ್ಚ ಈಗ 200 ಕೋಟಿ ಯೂರೊ ದಾಟಿದೆ. ಎಸ್ಟಿಮೇಟ್ ಮೀರುವ ಕಾಮಗಾರಿ ನಮ್ಮಲ್ಲಿ ಮಾತ್ರ ಎಂದುಕೊಂಡವರು ಸಮಾಧಾನಪಟ್ಟುಕೊಳ್ಳಬಹುದು.

ಸುತ್ತಲಿನ ಲೈಡನ್, ಡೆಲ್ಫ್ಟ್, ಹಾರ್ಲೆಮ್ ಎಲ್ಲವೂ ಕೋಟೆಗೋಡೆ ಕಟ್ಟಿಕೊಂಡ ನಗರಗಳು. ಹೇಗ್‌ಗೆ ಮಾತ್ರ ಗೋಡೆಯೂ ಇರಲಿಲ್ಲ, ನಗರ ಎಂಬ ಮಾನ್ಯತೆಯೂ ಇರಲಿಲ್ಲ. ಸ್ಪೇನ್ ವಿರುದ್ಧ ಡಚ್ಚರು ದಂಗೆ ಎದ್ದ ಕಾಲದಲ್ಲಿ ಶತ್ರುಸೈನ್ಯಕ್ಕೆ ಅದು ಸುಲಭದ ತುತ್ತಾಯಿತು. ಶತ್ರುವಿಗೆ ನೆಲೆಯಾಗುವ ಊರೇ ಬೇಡ, ಕೆಡವಿಬಿಡೋಣ ಎಂಬ ಪ್ರಸ್ತಾವ 1575ರಲ್ಲಿ ಬಂದಿತ್ತು. ದಂಗೆಯ ನಾಯಕ ವಿಲಿಯಂ ಆಫ್ ಆರೆಂಜ್ ಮಧ್ಯೆ ಬಂದಿದ್ದರಿಂದ ಊರು ಉಳಿಯಿತು.

ಹದಿಮೂರು ವರ್ಷಗಳ ನಂತರ, 1588ರಲ್ಲಿ, ಹೊಸ ಗಣರಾಜ್ಯದ ಪ್ರಾಂತ್ಯಗಳ ಪ್ರತಿನಿಧಿಗಳು ಸೇರಲು ಆರಿಸಿಕೊಂಡಿದ್ದು ಇದೇ ಊರನ್ನು. ಕಾರಣ ಸರಳ. ಬಲಿಷ್ಠ ನಗರಗಳು ಒಂದನ್ನೊಂದು ನಂಬುತ್ತಿರಲಿಲ್ಲ. ಆಮ್‌ಸ್ಟರ್‌ಡ್ಯಾಮ್‌ಗೆ ಹೋದರೆ ಅಲ್ಲಿನ ಸಾಹುಕಾರರ ಕೈ ಮೇಲಾಗುತ್ತದೆಂಬ ಭಯ. ಪ್ರಾಂತ್ಯದ ಸಭೆಯಲ್ಲಿ ಸ್ವಂತ ಮತವೂ ಇಲ್ಲದ ಹೇಗ್‌ನಿಂದ ಯಾರಿಗೂ ಅಪಾಯವಿರಲಿಲ್ಲ. ಊರನ್ನು ಕೆಡವಲು ಹೊರಡುವಂತೆ ಮಾಡಿದ ಅದೇ ದೌರ್ಬಲ್ಯ ಅದನ್ನು ಆಡಳಿತದ ಪೀಠವನ್ನಾಗಿಯೂ ಮಾಡಿತು. ನಗರದ ಮಾನ್ಯತೆ ಸಿಕ್ಕಿದ್ದು 19ನೇ ಶತಮಾನದ ಆರಂಭದಲ್ಲಿ, ನೆಪೋಲಿಯನ್ನನ ತಮ್ಮ ಲೂಯಿ ಅಲ್ಲಿ ದೊರೆಯಾಗಿದ್ದಾಗ. ಅಲ್ಲಿಯವರೆಗೂ ಅದು ‘ಯುರೋಪಿನ ಅತಿ ದೊಡ್ಡ ಹಳ್ಳಿ’ ಎಂದೇ ಹೆಸರಾಗಿತ್ತು.

ಹಾಗೆಂದು ಅದು ಶಾಂತಿಯ ತವರಾಗಿರಲಿಲ್ಲ. ಗಣರಾಜ್ಯವನ್ನು ಕಟ್ಟಿ ಬೆಳೆಸಿದ ಮುತ್ಸದ್ದಿ ಓಲ್ಡನ್‌ಬಾರ್ನೆವೆಲ್ಟ್‌ಗೂ ಸೇನಾಧಿಪತಿ ಮೌರಿಟ್ಸ್‌ಗೂ ಧರ್ಮ ಮತ್ತು ಅಧಿಕಾರದ ವಿಷಯದಲ್ಲಿ ಜಗಳ ಹತ್ತಿತು. ಅದಕ್ಕೆಂದೇ ರಚಿಸಿದ ವಿಶೇಷ ನ್ಯಾಯಮಂಡಳಿ ವಿಚಾರಣೆ ನಡೆಸಿತು. 1619ರ ಮೇ 13ರಂದು ಅದೇ ಒಳ ಅಂಗಳದಲ್ಲಿ, 71 ವರ್ಷದ ಮುದುಕನ ತಲೆ ಕಡಿಯಲಾಯಿತು. 1672ರಲ್ಲಿ ಫ್ರಾನ್ಸ್ ಮತ್ತು ಇಂಗ್ಲೆಂಡ್ ದೇಶದ ಮೇಲೆ ಎರಗಿದಾಗ ಜನರ ಸಿಟ್ಟು ಆಡಳಿತ ನಡೆಸುತ್ತಿದ್ದ ಯೋಹಾನ್ ಡಿ ವಿಟ್ ಕಡೆ ತಿರುಗಿತು. ಜೈಲಿನಲ್ಲಿದ್ದ ಅಣ್ಣ ಕಾರ್ನೆಲಿಸ್‌ನನ್ನು ನೋಡಲು ಹೋದ ಅವನನ್ನೂ ಅಣ್ಣನನ್ನೂ ಗುಂಪು ಹೊರಗೆಳೆದು ಕೊಂದಿತು. ಆ ಜೈಲು ಬಿನ್ನೆನ್‌ಹೋಫ್‌ನಿಂದ ಕೂಗಳತೆಯ ದೂರದಲ್ಲಿದೆ. ಈಗ ಅದು ಮ್ಯೂಸಿಯಂ. ಆಗ ಇದೇ ಊರಿನಲ್ಲಿ ವಾಸವಾಗಿದ್ದ ತತ್ವಜ್ಞಾನಿ ಸ್ಪಿನೋಜಾ ಈ ಕೊಲೆಗಳಿಂದ ಕುದಿದುಹೋಗಿದ್ದನಂತೆ.

ಈ ಎರಡು ಘಟನೆಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ಒಂದರಲ್ಲಿ ಅಧಿಕಾರವೇ ನ್ಯಾಯಮಂಡಳಿಯ ವೇಷ ತೊಟ್ಟು ಬಂದಿತ್ತು. ಇನ್ನೊಂದರಲ್ಲಿ ಬೀದಿಯೇ ತೀರ್ಪು ಕೊಟ್ಟಿತು. ನ್ಯಾಯ ಕೆಡುವ ಎರಡೂ ದಾರಿಗಳನ್ನು ಹೇಗ್ ತನ್ನ ಅಂಗಳದಲ್ಲೇ ಕಂಡಿದೆ.

ಎಂಜಿನಿಯರಿಂಗ್‌ನಲ್ಲಿ ಸಿವಿಲ್ ವಿಭಾಗ ಓದುತ್ತಿರುವ ನನಗೆ ಆ ಊರಿನ ಮಣ್ಣೂ ಕುತೂಹಲದ್ದು. ಸಮುದ್ರದ ಕಡೆಗೆ ಮರಳು ನೆಲ, ಒಳಭಾಗದಲ್ಲಿ ಜೌಗಿನ ಮೆತ್ತನೆ ನೆಲ. ಎತ್ತರದ ಒಣ ಮರಳಿನ ಮೇಲೆ ಅಧಿಕಾರಿಗಳ, ಶ್ರೀಮಂತರ ಮನೆಗಳೆದ್ದವು. ತೇವದ ನೆಲ ಕಾರ್ಮಿಕರ ಪಾಲಾಯಿತು. ಇಂದಿಗೂ ಅಲ್ಲಿನವರು ‘ಮರಳಿನವರು’, ‘ಜೌಗಿನವರು’ ಎಂದು ಊರನ್ನು ಎರಡು ಭಾಗ ಮಾಡಿ ಮಾತಾಡುತ್ತಾರೆ. ಈ ಊರಿನಲ್ಲಿ ಭೋಜಪುರಿ ಬೇರಿನ ಜನರೂ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಬಿಹಾರ, ಉತ್ತರ ಪ್ರದೇಶದ ಕಡೆಯಿಂದ ಡಚ್ ವಸಾಹತು ಸುರಿನಾಮ್‌ಗೆ ಕೂಲಿಗಳಾಗಿ ಹೋದವರ ಮೊಮ್ಮಕ್ಕಳು, ಮರಿಮಕ್ಕಳು ಇವರು. 1975ರಲ್ಲಿ ಸುರಿನಾಮ್ ಸ್ವತಂತ್ರವಾದ ಆಸುಪಾಸಿನಲ್ಲಿ ಸಾವಿರಾರು ಮಂದಿ ನೆದರ್ಲೆಂಡ್ಸ್‌ಗೆ ಬಂದರು. ಜಗತ್ತಿಗೆ ನ್ಯಾಯ ಹೇಳುವ ಊರಿಗೂ ತನ್ನದೇ ಅಸಮಾನತೆ, ತನ್ನದೇ ವಸಾಹತಿನ ಲೆಕ್ಕ ಇದೆ ಎನ್ನುವುದನ್ನು ಮರೆಯಬಾರದು.

ಊರಿಗೆ ಅಂತರರಾಷ್ಟ್ರೀಯ ಹೆಸರು ಬಂದದ್ದು 1899ರಲ್ಲಿ. ರಷ್ಯಾದ ತ್ಸಾರ್ ಎರಡನೇ ನಿಕೊಲಸ್ ಕರೆಯ ಮೇರೆಗೆ 26 ದೇಶಗಳು ಇಲ್ಲಿ ಶಾಂತಿ ಸಮ್ಮೇಳನಕ್ಕೆ ಸೇರಿದವು. ದೊಡ್ಡ ಶಕ್ತಿಗಳ ನಡುವೆ ಯಾರಿಗೂ ಬೆದರಿಕೆಯಲ್ಲದ ಸಣ್ಣ ದೇಶವೇ ಸೂಕ್ತವೆನ್ನಿಸಿತು. 1588ರ ಲೆಕ್ಕಾಚಾರವೇ ಮತ್ತೊಮ್ಮೆ! ಆ ಸಮ್ಮೇಳನದಿಂದ ಕಾಯಂ ಮಧ್ಯಸ್ಥಿಕೆ ನ್ಯಾಯಾಲಯ ಹುಟ್ಟಿತು. ಉಕ್ಕಿನ ಉದ್ಯಮಿ ಆ್ಯಂಡ್ರ್ಯೂ ಕಾರ್ನೆಗಿ ಕೊಟ್ಟ 15 ಲಕ್ಷ ಡಾಲರ್‌ನಲ್ಲಿ ಅದಕ್ಕಾಗಿ ‘ಶಾಂತಿ ಅರಮನೆ’ ಎದ್ದಿತು. ಅದರ ಉದ್ಘಾಟನೆ 1913ರ ಆಗಸ್ಟ್ 28ರಂದು. ಮುಂದಿನ ಆಗಸ್ಟ್ ಬರುವಷ್ಟರಲ್ಲಿ ಯುರೋಪ್ ಮಹಾಯುದ್ಧಕ್ಕೆ ಬಿದ್ದಿತ್ತು. ಇನ್ನೊಂದು ಯುದ್ಧದಲ್ಲಿ ನಾಜಿಗಳು ಹೇಗ್ ಅನ್ನೇ ಹಿಡಿದು, ಸಮುದ್ರದಂಡೆಯ ಸ್ಖೆವೆನಿಂಗೆನ್ ಜೈಲಿಗೆ ಡಚ್ ಹೋರಾಟಗಾರರನ್ನು ತುಂಬಿದರು. ಇಂದು ಯುದ್ಧಾಪರಾಧದ ಆರೋಪಿಗಳನ್ನು ಇಡುವುದು ಅದೇ ಜೈಲಿನ ಆವರಣದಲ್ಲಿ. ಯುಗೊಸ್ಲಾವಿಯಾದ ಮಿಲೊಸೆವಿಚ್ ವಿಚಾರಣೆಯ ನಡುವೆಯೇ 2006ರಲ್ಲಿ ತೀರಿಕೊಂಡಿದ್ದು ಅಲ್ಲೇ.

ಹೇಗ್‌ನ ಕೋರ್ಟುಗಳನ್ನು ನಾವು ಬೆರೆಸಿಬಿಡುವುದುಂಟು. ಅಂತರರಾಷ್ಟ್ರೀಯ ನ್ಯಾಯಾಲಯ, ಅಂದರೆ ಐಸಿಜೆ, ವಿಶ್ವಸಂಸ್ಥೆಯದು. 15 ನ್ಯಾಯಮೂರ್ತಿಗಳ ಈ ಕೋರ್ಟಿನಲ್ಲಿ ವಾದಿ–ಪ್ರತಿವಾದಿಗಳು ದೇಶಗಳೇ. 2002ರಲ್ಲಿ ಶುರುವಾದ ಐಸಿಸಿ ವ್ಯಕ್ತಿಗಳನ್ನು ವಿಚಾರಿಸುತ್ತದೆ. ಅಮೆರಿಕ, ರಷ್ಯಾ, ಚೀನಾ ಅದರ ಸದಸ್ಯರಲ್ಲ, ಭಾರತವೂ ಅಲ್ಲ. ಎರಡಕ್ಕೂ ಸ್ವಂತ ಪೊಲೀಸ್ ಪಡೆ ಇಲ್ಲ.

ಹಾಗಾಗಿ ಮೆಸ್‌ನ ಪ್ರಶ್ನೆಗೆ ಪುರಾವೆ ಎರಡೂ ಕಡೆ ಸಿಗುತ್ತದೆ. ನಿಕರಾಗುವಾ ಪ್ರಕರಣದಲ್ಲಿ 1986ರಲ್ಲಿ ತನ್ನ ವಿರುದ್ಧ ಬಂದ ಐಸಿಜೆ ತೀರ್ಪನ್ನು ಅಮೆರಿಕ ಪಾಲಿಸಲೇ ಇಲ್ಲ. ಐಸಿಸಿ ಸದಸ್ಯ ದೇಶವಾದ ಮಂಗೋಲಿಯಾಕ್ಕೆ ಪುಟಿನ್ 2024ರಲ್ಲಿ ಹೋಗಿ ಆರಾಮಾಗಿ ಮರಳಿದರು. ನೆತನ್ಯಾಹು ಹಂಗರಿಗೆ ಹೋದಾಗ ಆ ದೇಶ ಅವರನ್ನು ಬಂಧಿಸುವ ಬದಲು ಐಸಿಸಿಯಿಂದಲೇ ಹೊರಬರುವುದಾಗಿ ಘೋಷಿಸಿತು. 2025ರಲ್ಲಿ ಅಮೆರಿಕ ಐಸಿಸಿಯ ಪ್ರಾಸಿಕ್ಯೂಟರ್ ಮತ್ತು ನ್ಯಾಯಾಧೀಶರ ಮೇಲೆಯೇ ನಿರ್ಬಂಧ ಹೇರಿತು. ಇನ್ನೊಂದು ಕಡೆ ಡುಟೆರ್ಟೆ ಇದ್ದಾರೆ. ತಮ್ಮ ಆಳ್ವಿಕೆಯಲ್ಲಿ ದೇಶವನ್ನು ಐಸಿಸಿಯಿಂದ ಹೊರತಂದಿದ್ದ ಅವರನ್ನು, ಅಧಿಕಾರ ಹೋದ ಮೇಲೆ ಸ್ವಂತ ದೇಶದ ಪೊಲೀಸರೇ ಹಿಡಿದುಕೊಟ್ಟರು. ಅವರನ್ನು ಹಿಡಿದುಕೊಡಲು ಅಲ್ಲಿನ ಸರ್ಕಾರಕ್ಕೆ ರಾಜಕೀಯ ಕಾರಣಗಳೂ ಇದ್ದವು, ನಿಜ. ಆದರೆ ಕರೆದೊಯ್ಯಲು ಒಂದು ಜಾಗ, ಸಿದ್ಧವಾಗಿದ್ದ ಒಂದು ವಾರಂಟ್ ಇರದಿದ್ದರೆ ಆ ವಿಮಾನ ಹಾರುತ್ತಲೇ ಇರಲಿಲ್ಲ.

ನಮ್ಮವರಿಗೂ ಈ ಊರಿಗೂ ನಂಟಿದೆ. ಸಂವಿಧಾನ ರಚನಾ ಸಭೆಯ ಸಲಹೆಗಾರರಾಗಿದ್ದ, ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್ 1952ರಲ್ಲಿ ಐಸಿಜೆ ನ್ಯಾಯಮೂರ್ತಿಯಾದರು. ಮರುವರ್ಷವೇ ತೀರಿಕೊಂಡರು. ನಮ್ಮ ತಲೆಮಾರಿಗೆ ನೆನಪಿರುವುದು ಕುಲಭೂಷಣ್ ಜಾಧವ್ ಪ್ರಕರಣ. 2017ರಲ್ಲಿ ಪಾಕಿಸ್ತಾನದ ಸೇನಾ ನ್ಯಾಯಾಲಯ ಮರಣದಂಡನೆ ವಿಧಿಸಿದಾಗ ಭಾರತ ಹೋಗಿದ್ದು ಐಸಿಜೆಗೆ. ಹರೀಶ್ ಸಾಳ್ವೆ ಒಂದು ರೂಪಾಯಿ ಶುಲ್ಕಕ್ಕೆ ವಾದಿಸಿದರು. ರಾಯಭಾರ ಅಧಿಕಾರಿಗಳ ಭೇಟಿಗೆ ಅವಕಾಶ ಕೊಡದೆ ಪಾಕಿಸ್ತಾನ ಒಪ್ಪಂದ ಮುರಿದಿದೆ, ಶಿಕ್ಷೆಯನ್ನು ಮರುಪರಿಶೀಲಿಸಬೇಕು ಎಂದು 2019ರ ಜುಲೈ 17ರಂದು 15–1 ಮತಗಳಿಂದ ತೀರ್ಪು ಬಂತು. ಜಾಧವ್ ಇನ್ನೂ ಮನೆಗೆ ಮರಳಿಲ್ಲ. ಆದರೆ ನೇಣೂ ಆಗಲಿಲ್ಲ. ಒಂದು ಜೀವದ ಮಟ್ಟಿಗೆ ಇದು ಸಣ್ಣ ವ್ಯತ್ಯಾಸವಲ್ಲ.

ಈಗ ಸಿಂಧೂ ನದಿಯ ವಿಷಯಕ್ಕೆ ಬನ್ನಿ. ಪಹಲ್ಗಾಮ್ ದಾಳಿಯ ನಂತರ 2025ರ ಏಪ್ರಿಲ್‌ನಲ್ಲಿ ಭಾರತ ಸಿಂಧೂ ಜಲ ಒಪ್ಪಂದವನ್ನು ತಡೆಹಿಡಿಯಿತು. ಹೇಗ್‌ನಲ್ಲಿ ಕೂತ ಮಧ್ಯಸ್ಥಿಕೆ ಪೀಠ, ಇದರಿಂದ ತನ್ನ ಅಧಿಕಾರ ಹೋಗುವುದಿಲ್ಲ ಎಂದಿತು. ಆ ಪೀಠ ರಚನೆಯಾದದ್ದೇ ಒಪ್ಪಂದಕ್ಕೆ ವಿರುದ್ಧವಾಗಿ, ಅದರ ಆದೇಶ ನಮಗೆ ಅನ್ವಯಿಸುವುದಿಲ್ಲ ಎಂದು ಭಾರತ ತಳ್ಳಿಹಾಕಿತು. ಗೆದ್ದಾಗ ಹೇಗ್ ಜಿಂದಾಬಾದ್, ಸೋತಾಗ ಅದ್ಯಾವ ಕೋರ್ಟು ಎನ್ನುವುದು ಸರಿಯೇ ಎಂದು ಗೆಳೆಯರ ನಡುವೆ ವಾದವಾಗುತ್ತದೆ. ನನಗೆ ಗಮನಾರ್ಹವೆನಿಸುವುದು ಬೇರೆ ಸಂಗತಿ. ಒಪ್ಪುವುದಿಲ್ಲ ಎನ್ನುವಾಗಲೂ ಭಾರತ ಕೊಡುತ್ತಿರುವುದು ಕಾನೂನಿನ ಕಾರಣವನ್ನು. ‘ನಮಗೆ ಬಲವಿದೆ, ಅದಕ್ಕೇ ಒಪ್ಪಲ್ಲ’ ಎಂದು ಹೇಳಿಲ್ಲ. ಹೀಗೆ ಕಾರಣ ಕೊಡಲೇಬೇಕಾದ ಒತ್ತಡ ಇರುವುದೇ ಹೇಗ್‌ನ ನಿಜವಾದ ಶಕ್ತಿ. ನಾಳೆ ಇನ್ನೊಬ್ಬ ಜಾಧವ್‌ಗಾಗಿ ನಾವು ಅದೇ ಬಾಗಿಲು ಬಡಿಯಬೇಕಾಗಬಹುದು. ಆದ್ದರಿಂದ ನಮಗೆ ಬೇಡದ ಪೀಠವನ್ನು ಟೀಕಿಸುವಾಗಲೂ ಬಾಗಿಲನ್ನೇ ಮುರಿಯದಂತೆ ಮಾತಾಡುವುದು ನಮ್ಮ ಹಿತದ ದೃಷ್ಟಿಯಿಂದಲೇ ಜಾಣತನ.

ಯುವಜನರಿಗೆ ಇದರಲ್ಲಿ ಏನು ಕೆಲಸ ಎನ್ನುವವರಿಗೆ ಒಂದು ಉದಾಹರಣೆ. 2019ರಲ್ಲಿ ಪೆಸಿಫಿಕ್ ದ್ವೀಪಗಳ 27 ಕಾನೂನು ವಿದ್ಯಾರ್ಥಿಗಳು, ಹವಾಮಾನ ಬದಲಾವಣೆಯ ಬಗ್ಗೆ ದೇಶಗಳ ಹೊಣೆ ಏನು ಎಂದು ಐಸಿಜೆಯನ್ನೇ ಕೇಳೋಣ ಎಂದು ಹೊರಟರು. ವನುವಾಟು ಎಂಬ ಪುಟ್ಟ ದೇಶ ಅದನ್ನು ಕೈಗೆತ್ತಿಕೊಂಡಿತು. 2023ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಆ ಪ್ರಶ್ನೆಯನ್ನು ಕೋರ್ಟಿಗೆ ಕಳಿಸಿತು. ಹವಾಮಾನವನ್ನು ಕಾಪಾಡುವುದು ದೇಶಗಳ ಕಾನೂನುಬದ್ಧ ಕರ್ತವ್ಯ ಎಂದು 2025ರ ಜುಲೈ 23ರಂದು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಅದು ಸಲಹಾ ಅಭಿಪ್ರಾಯ. ಯಾವ ದೇಶಕ್ಕೂ ದಂಡ ಬೀಳುವುದಿಲ್ಲ. ಆದರೆ ಮುಂದಿನ ನೂರಾರು ಮೊಕದ್ದಮೆಗಳಲ್ಲಿ ವಕೀಲರು ಅದನ್ನು ಎತ್ತಿ ಹೇಳಲಿದ್ದಾರೆ. ಶುರು ಮಾಡಿದ್ದು ನಮ್ಮ ವಯಸ್ಸಿನವರು, ಒಂದು ತರಗತಿಯ ಕೋಣೆಯಲ್ಲಿ.

ಹಾಗಾದರೆ ಆ ಕೋರ್ಟಿನ ಮಾತು ಯಾರು ಕೇಳುತ್ತಾರೆ? ಬಲವಿದ್ದವರು ಬಹಳ ಸಲ ಕೇಳುವುದಿಲ್ಲ. ಆದರೂ ಯಾರಿಗೂ ಬೆದರಿಕೆಯಾಗದ ಒಂದು ಜಾಗ ಬೇಕು ಎಂದು ಒಬ್ಬರನ್ನೊಬ್ಬರು ನಂಬದವರೇ ನಾಲ್ಕು ಶತಮಾನಗಳಿಂದ ಹೇಗ್‌ಗೆ ಬರುತ್ತಿದ್ದಾರೆ. ಗೋಡೆಯಿಲ್ಲದ ಆ ಊರನ್ನು 1575ರಲ್ಲಿ ಕೆಡವಿಬಿಟ್ಟಿದ್ದರೆ ಸೇರಲು ಅವರು ಇನ್ನೊಂದು ಊರನ್ನು ಹುಡುಕಬೇಕಾಗುತ್ತಿತ್ತು. ಇವತ್ತು ಆ ಕೋರ್ಟುಗಳಿಂದ ಪ್ರಯೋಜನವಿಲ್ಲ ಎಂದು ಬದಿಗೆ ಸರಿಸಿದರೆ, ಅವುಗಳ ಜಾಗದಲ್ಲಿ ಏನಿರುತ್ತದೆ ಎಂದು ಮೊದಲು ಯೋಚಿಸೋಣ. ಉಳಿಯುವುದು 1672ರ ಬೀದಿ, ಇಲ್ಲವೇ 1619ರ ಅಂಗಳ.