ಹೆಸರುಳಿಯದ ಹಿರಿಯರ ಋಣ

2025ರ ಮಹಾಲಯ ಅಮಾವಾಸ್ಯೆ ಸೆಪ್ಟೆಂಬರ್ 21ರ ಭಾನುವಾರ ಬಂದಿತು. ಅಂದು ಆಗುಂಬೆಯ ಸುತ್ತಲಿನ ಮನೆಗಳಲ್ಲಿ, ಅವರವರ ಕುಲಾಚಾರಕ್ಕೆ ತಕ್ಕಂತೆ, ಕೆಲವೆಡೆ ತಿಲತರ್ಪಣವೂ ಕೆಲವೆಡೆ ಹಿರಿಯರಿಗೆ ಎಡೆ ಇಡುವ ಕಾರ್ಯವೂ ನಡೆದುವು. ಮರುದಿನವೇ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಆರಂಭವಾಗಿ, ಆ ಬಳಿಕದ ದಿನಗಳಲ್ಲಿ ಶಾಲೆಯ ಉಪಾಧ್ಯಾಯರು ಮೊಬೈಲ್ ಹಿಡಿದು ಮನೆಮನೆಗೆ ಬಂದು, ಜಾತಿ ಯಾವುದು, ಕಸುಬು ಯಾವುದು, ಓದು ಎಷ್ಟು, ಜಮೀನು ಎಷ್ಟು ಎಂದು ಕೇಳಿ ಬರೆದುಕೊಂಡರು. ಬದುಕಿರುವವರನ್ನು ಕುರಿತ ಈ ಲೆಕ್ಕ ಅವಶ್ಯವಾದುದೇ. ಆದರೆ ಅಮಾವಾಸ್ಯೆಯಂದು ಊರಿನವರು ಯಾರಿಗೆ ಎಳ್ಳುನೀರು ಬಿಟ್ಟರೋ, ಯಾರ ಹೆಸರಿನಲ್ಲಿ ಎಲೆ ಹಾಕಿ ಬಡಿಸಿದರೋ, ಅವರನ್ನು ಕುರಿತು ಆ ಸಮೀಕ್ಷೆ ಏನನ್ನೂ ಕೇಳಲಿಲ್ಲ. ಕೇಳಬೇಕಾದುದು ಅದರ ಕೆಲಸವೂ ಅಲ್ಲ. ಅದು ಮನೆಯ ಕೆಲಸ, ಊರಿನ ಕೆಲಸ; ಆ ಕೆಲಸ ನಮ್ಮ ಮಲೆನಾಡಿನಲ್ಲಿ ಆಗದೆ ಉಳಿದಿದೆಯೆಂಬ ವ್ಯಥೆಯಿಂದ ಈ ಮಾತುಗಳನ್ನು ಬರೆಯುತ್ತಿದ್ದೇನೆ.

ನಾನು ಯೇಸುಕ್ರಿಸ್ತನ ಕಡೆಯ ದಿನಗಳ ಸಂತರ ಸಭೆಗೆ ಸೇರಿದವನು. ಲೋಕ ನಮ್ಮನ್ನು ಮಾರ್ಮನ್ನರೆಂದು ಕರೆಯುತ್ತದೆ. 1830ರಲ್ಲಿ ಅಮೆರಿಕದ ನ್ಯೂಯಾರ್ಕ್ ಸೀಮೆಯಲ್ಲಿ ಜೋಸೆಫ್ ಸ್ಮಿತ್ ಸ್ಥಾಪಿಸಿದ ಈ ಸಭೆಯ ಪ್ರಚಾರಕರು 1850ರ ದಶಕದಲ್ಲಿಯೇ ಕಲ್ಕತ್ತೆಗೆ ಬಂದಿದ್ದರಾದರೂ, ಇಲ್ಲಿ ಬೇರು ಬಿಟ್ಟುದು ಬಹುಕಾಲದ ಮೇಲೆ. 1993ರಿಂದ ಬೆಂಗಳೂರು ಇದರ ಪ್ರಚಾರಕ್ಷೇತ್ರದ ಕೇಂದ್ರವಾಗಿದೆ. ಭಾರತದ ಮೊದಲನೆಯ ಮಾರ್ಮನ್ ದೇವಾಲಯವನ್ನು ಅದೇ ನಗರದಲ್ಲಿ ಕಟ್ಟುವುದಾಗಿ 2018ರ ಏಪ್ರಿಲ್‌ನಲ್ಲಿ ಸಾರಿ, 2020ರ ಡಿಸೆಂಬರ್ 2ರಂದು ಗುದ್ದಲಿ ಹಾಕಿದರು. ನಮ್ಮೂರಿನಲ್ಲಿ ಈ ಮತದ ಮನೆ ನನ್ನದೊಂದೇ. ಕಾಫಿ, ಚಹಾ, ಹೊಗೆಸೊಪ್ಪು, ಮದ್ಯ ಮುಟ್ಟದವರು ಎಂಬಷ್ಟನ್ನು ನೆರೆಹೊರೆಯವರು ನಮ್ಮ ವಿಷಯದಲ್ಲಿ ಬಲ್ಲರು. ಹೋದ ಮನೆಯಲ್ಲೆಲ್ಲ ನಾನು ಕೇಳದೆಯೇ ಜೀರಿಗೆ ಕಷಾಯ ಬರುತ್ತದೆ. ತಿಂಗಳ ಮೊದಲ ಭಾನುವಾರ ಎರಡು ಹೊತ್ತು ಉಪವಾಸವಿದ್ದು, ಉಳಿದ ಊಟದ ಬೆಲೆಯನ್ನು ಬಡವರಿಗೆಂದು ತೆಗೆದಿಡುವೆವೆಂದರೆ, ಏಕಾದಶಿಯನ್ನು ಕಂಡ ಜನಕ್ಕೆ ಅದೂ ಸುಲಭವಾಗಿ ಅರ್ಥವಾಗುತ್ತದೆ. ಅರ್ಥವಾಗದೆ ಉಳಿಯುವುದು, ತೀರಿಹೋದವರ ಹೆಸರುಗಳಿಗಾಗಿ ನಾವು ಪಡುವ ಶ್ರಮ.

ಕುಟುಂಬದ ಸಂಬಂಧವನ್ನು ಮೃತ್ಯುವು ಕಡಿಯಲಾರದೆಂದೂ, ಸುವಾರ್ತೆಯನ್ನು ಕೇಳುವ ಅವಕಾಶವಿಲ್ಲದೆ ತೀರಿಕೊಂಡ ಪೂರ್ವಿಕರ ಪರವಾಗಿ ಬದುಕಿರುವ ವಂಶಜನು ದೇವಾಲಯದಲ್ಲಿ ದೀಕ್ಷಾಸ್ನಾನವನ್ನು ಪಡೆಯಬಹುದೆಂದೂ ನಮ್ಮ ನಂಬುಗೆ. 1840ರಿಂದ ಈ ಆಚರಣೆ ನಡೆದುಬಂದಿದೆ. ಹೆಸರು ತಿಳಿಯದವರ ಪರವಾಗಿ ಇದನ್ನು ಮಾಡಲಾಗದು. ಆದುದರಿಂದಲೇ 1894ರಲ್ಲಿ ಯೂಟಾದಲ್ಲಿ ವಂಶಾವಳಿಯ ಸಂಘವೊಂದು ಹುಟ್ಟಿತು. 1938ರಲ್ಲಿ ಅದು ದೇಶದೇಶಗಳ ಜನನ ಮರಣ ವಿವಾಹಗಳ ದಾಖಲೆಗಳನ್ನು ಮೈಕ್ರೋಫಿಲ್ಮಿಗೆ ಇಳಿಸಲಾರಂಭಿಸಿತು. 1965ರ ವೇಳೆಗೆ ಸಾಲ್ಟ್ ಲೇಕ್ ನಗರದ ಬಳಿಯ ಬೆಣಚುಬೆಟ್ಟವೊಂದನ್ನು ಕೊರೆದು, ಆ ಸುರುಳಿಗಳಿಗೆ ಗುಹಾಭಂಡಾರ ಸಿದ್ಧವಾಯಿತು. ಹೀಗೆ ಕೂಡಿದ ಇಪ್ಪತ್ತನಾಲ್ಕು ಲಕ್ಷ ಸುರುಳಿಗಳನ್ನು ಡಿಜಿಟಲ್ ರೂಪಕ್ಕೆ ತರುವ ಕಾರ್ಯ 2021ರಲ್ಲಿ ಮುಗಿದು, ಈಗ ಫ್ಯಾಮಿಲಿಸರ್ಚ್ ಎಂಬ ಹೆಸರಿನಲ್ಲಿ ಯಾವ ಮತದವರಿಗೂ ಶುಲ್ಕವಿಲ್ಲದೆ ದೊರೆಯುತ್ತಿದೆ. ಹರಿದ್ವಾರದ ಪಂಡರು ತಲೆತಲಾಂತರದಿಂದ ಯಾತ್ರಿಕರ ಮನೆತನಗಳನ್ನು ಬರೆದಿಟ್ಟುಕೊಂಡು ಬಂದ ಬಹಿಗಳೂ ಅಲ್ಲಿ ಸೇರಿವೆ.

ಇದನ್ನು ಕೇಳಿದ ನನ್ನ ಬಂಧುಗಳೊಬ್ಬರು, “ತರ್ಪಣ ಬಿಟ್ಟವನಿಗೆ ನಮ್ಮ ಹಿರಿಯರ ಹೆಸರು ಯಾಕೋ? ಸತ್ತವರನ್ನೂ ಮತಕ್ಕೆ ಸೇರಿಸುತ್ತೀರೇನೋ?” ಎಂದು ನೊಂದು ಕೇಳಿದರು. ಆ ಪ್ರಶ್ನೆ ಕಟುವಾದುದಾದರೂ ನ್ಯಾಯವಾದುದು. ನಮ್ಮ ಸಿದ್ಧಾಂತದಂತೆ, ಇಲ್ಲಿ ಮಾಡಿದ ಸಂಸ್ಕಾರವನ್ನು ಪರಲೋಕದಲ್ಲಿರುವ ಆತ್ಮವು ಸ್ವೀಕರಿಸಲೂಬಹುದು, ನಿರಾಕರಿಸಲೂಬಹುದು. ಅವರನ್ನು ನಮ್ಮ ಸಭೆಯ ಲೆಕ್ಕದಲ್ಲಿ ನಾವು ಸೇರಿಸಿಕೊಳ್ಳುವುದಿಲ್ಲ. ಆದರೆ ಸಿದ್ಧಾಂತದಿಂದ ಎಲ್ಲರ ನೋವೂ ಶಮನವಾಗದೆಂಬುದಕ್ಕೆ ಸಾಕ್ಷಿಯಿದೆ. ಹಿಟ್ಲರನ ಕಾಲದಲ್ಲಿ ಹತರಾದ ಯೆಹೂದ್ಯರ ಹೆಸರುಗಳು ಇಂಥ ಸಂಸ್ಕಾರಕ್ಕೆ ಸಲ್ಲಿಕೆಯಾದುದನ್ನು ತಿಳಿದು ಅವರ ಸಂಘಗಳು ಪ್ರತಿಭಟಿಸಲು, 1995ರಲ್ಲಿ ನಮ್ಮ ಸಭೆಯು ಆ ಹೆಸರುಗಳನ್ನು ತೆಗೆದುಹಾಕಲು ಒಪ್ಪಿತು. ತಮ್ಮ ಸ್ವಂತ ಪೂರ್ವಿಕರ ಹೊರತು ಅನ್ಯರ ಹೆಸರನ್ನು ಸಲ್ಲಿಸಬಾರದೆಂದು ಸದಸ್ಯರಿಗೆ ವಿಧಿಸಿತು. ಆ ಒಪ್ಪಂದವನ್ನು ಮೀರಿದ ಪ್ರಸಂಗಗಳು ಆಮೇಲೆಯೂ ನಡೆದುವು, ಅದಕ್ಕಾಗಿ ಸಭೆ ಕ್ಷಮೆಯನ್ನೂ ಕೇಳಿತು. ನಾನು ನನ್ನ ಮಟ್ಟಿಗೆ ಇನ್ನೂ ಒಂದು ನಿಯಮವನ್ನಿಟ್ಟುಕೊಂಡಿದ್ದೇನೆ: ಯಾವ ಹೆಸರನ್ನು ಕುರಿತು ನಮ್ಮ ಬಳಗದ ಒಬ್ಬರಾದರೂ ಬೇಡವೆನ್ನುವರೋ, ಆ ಹೆಸರು ನಾನು ಹಿರಿಯರ ಹೆಸರುಗಳನ್ನು ಬರೆದಿಡುವ ಪುಸ್ತಕದಲ್ಲಿ ಇರುವುದು, ದೇವಾಲಯಕ್ಕೆ ಹೋಗದು. ನೆರೆಯವರು ಹೇಳಿದ ಹೆಸರುಗಳಂತೂ ಅವರವರ ಮನೆಯಲ್ಲಿಯೇ ಉಳಿಯತಕ್ಕವು.

ಮೃತರ ಹೆಸರನ್ನು ಕಾಪಾಡುವ ಹಂಬಲವನ್ನು ಮಲೆನಾಡಿಗೆ ಯಾರೂ ಹೊರಗಿನಿಂದ ತರಬೇಕಾಗಿಲ್ಲ. ಹೊಸನಗರ ತಾಲ್ಲೂಕಿನ ಹುಂಚದಲ್ಲಿ ಶತಮಾನಗಳ ಹಿಂದಿನ ಜೈನ ಶಾಸನಗಳು ನಿಂತಿವೆ. ಕಾಡಿನಂಚಿನಲ್ಲಿ, ಗದ್ದೆಯ ಬದುವಿನಲ್ಲಿ ವೀರಗಲ್ಲುಗಳೂ ಮಾಸ್ತಿಕಲ್ಲುಗಳೂ ಸಿಕ್ಕುತ್ತವೆ. ಆದರೆ ಕಲ್ಲಿಗೆ ಏರಿದುದು ದಾನಿಯ ಹೆಸರು, ಮುನಿಯ ಹೆಸರು, ತುರುಗೊಳ್‌ನಲ್ಲಿ, ಎಂದರೆ ದನಗಳ ಸೂರೆಯ ಕಾಳಗದಲ್ಲಿ, ಮಡಿದವನ ಹೆಸರು, ಸಸಿ ನೆಟ್ಟವಳದಲ್ಲ. ಶ್ರಾದ್ಧದಲ್ಲಿಯೂ ತಂದೆ ವಸುರೂಪಿ, ಅಜ್ಜ ರುದ್ರರೂಪಿ, ಮುತ್ತಜ್ಜ ಆದಿತ್ಯರೂಪಿ ಎಂದು ಮೂರು ತಲೆಗಳ ಹೆಸರು ಹೇಳುವಷ್ಟಕ್ಕೆ ಸಾಮಾನ್ಯವಾಗಿ ನೆನಪು ನಿಲ್ಲುತ್ತದೆ. ಪುರೋಹಿತರನ್ನು ಕರೆಯುವ ವಾಡಿಕೆಯಿಲ್ಲದ ಎಷ್ಟೋ ಮನೆಗಳಲ್ಲಿ ಅಷ್ಟೂ ಉಳಿದಿಲ್ಲ. ‘ಹಿರಿಯರು’ ಎಂಬ ಒಂದೇ ಮಾತಿನಲ್ಲಿ ಎಲ್ಲರೂ ಅಡಗಿಹೋಗುತ್ತಾರೆ.

ಸಾಗರ, ಹೊಸನಗರಗಳ ಮುಳುಗಡೆಯ ಮನೆತನಗಳದ್ದು ಇದಕ್ಕಿಂತ ಕ್ಲೇಶಕರವಾದ ಸ್ಥಿತಿ. ಮೊದಲು ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು, ಆಮೇಲೆ 1964ರಲ್ಲಿ ಲಿಂಗನಮಕ್ಕಿ. ನೂರಕ್ಕೂ ಮೀರಿದ ಗ್ರಾಮಗಳು ನೀರಿನಡಿಗೆ ಹೋದುವು. ಶರಾವತಿ ಯೋಜನೆಯಲ್ಲಿ ತಾವೇ ಕೆಲಸ ಮಾಡಿದ್ದ ಸಾಗರದ ನಾ. ಡಿಸೋಜರು ‘ಮುಳುಗಡೆ’, ‘ದ್ವೀಪ’ಗಳಲ್ಲಿ ಆ ಸಂಕಟವನ್ನು ಕಾದಂಬರಿಯಾಗಿಸಿದರು, 2025ರ ಜನವರಿಯಲ್ಲಿ ಅವರೂ ತೀರಿಕೊಂಡರು. ಅದೇ ವರ್ಷದ ಜುಲೈ 14ರಂದು ಅಂಬಾರಗೋಡ್ಲು ಕಳಸವಳ್ಳಿಗಳ ನಡುವೆ ಸಿಗಂದೂರು ಸೇತುವೆ ತೆರೆದು, ದ್ವೀಪದಂತಾಗಿದ್ದ ಊರುಗಳಿಗೆ ಅರ್ಧ ಶತಮಾನಕ್ಕೂ ಮಿಕ್ಕಿದ ಕಾಲದ ಮೇಲೆ ದಾರಿಯಾಯಿತು. ಊರು ಬಿಟ್ಟು ಶಿವಮೊಗ್ಗದ ಕಡೆಯ ಕಾಡುಗಳಿಗೆ ಹೋದವರಲ್ಲಿ ಅನೇಕರಿಗೆ ಹಕ್ಕುಪತ್ರದ ತೊಡಕು ಇನ್ನೂ ಬಗೆಹರಿದಿಲ್ಲ.

ಅಂಥ ಒಂದು ಮನೆಯಲ್ಲಿ ಹೆಸರು ಬರೆಯುತ್ತ ಕುಳಿತಾಗ ಕಂಡುದನ್ನು ಹೇಳುತ್ತೇನೆ. ಪರಿಹಾರದ ಚೀಟಿಯೂ ಹಳೆಯ ಕಂದಾಯದ ರಸೀದಿಗಳೂ ಒಲೆಯ ಮೇಲಿನ ಅಟ್ಟದಲ್ಲಿ, ತಗಡಿನ ಟ್ರಂಕಿನಲ್ಲಿದ್ದುವು. ಹೊಗೆ ತಾಗುವ ಕಡೆಯ ಕಾಗದ ಕಂದಿದ್ದರೂ ಗಟ್ಟಿಯಾಗಿತ್ತು, ಗೋಡೆಯ ಕಡೆಯದು ಬೂಷ್ಟು ಹಿಡಿದು ಅಕ್ಷರ ಹೋಗಿತ್ತು. ಮನೆಯ ಅಜ್ಜಿ ಮುಳುಗಿದ ಊರಿನ ಮನೆಗಳನ್ನೆಲ್ಲ ಹೊಳೆದಂಡೆಯಿಂದ ಮೇಲಕ್ಕೆ ಒಂದೊಂದಾಗಿ, ಅಂಗಳದ ಹಲಸಿನ ಮರ ಸಹಿತ, ತಪ್ಪದೆ ಹೇಳಿದರು. ಗಂಡನ ಹೆಸರು ಬಂದಾಗ ಮಾತ್ರ ಬಾಯಿಂದ ಆಡದೆ ಮೊಮ್ಮಗನ ಕಡೆಗೆ ಕೈತೋರಿಸಿದರು. “ನಿಮ್ಮ ಅಬ್ಬೆಯ ಹೆಸರು?” ಎಂದಾಗ ಬಹಳ ಹೊತ್ತು ಸುಮ್ಮನಿದ್ದು, ಹೇಳಿ, “ಇದನ್ನು ಯಾರೂ ಕೇಳಿರ್ಲಿಲ್ಲ ಮಾರಾಯ” ಎಂದರು. ಚೀಟಿಯಲ್ಲಿದ್ದುದು ಗಂಡಸರ ಹೆಸರು ಮಾತ್ರ.

ಪೌತಿ ಖಾತೆಗೆಂದು ನಾಡಕಚೇರಿಯಿಂದ ವಂಶವೃಕ್ಷ ಮಾಡಿಸುವುದು ಎಲ್ಲರಿಗೂ ತಿಳಿದ ವಿಷಯವೇ. ಆದರೆ ಆ ವೃಕ್ಷ ಖಾತೆದಾರನಿಂದ ಕೆಳಕ್ಕೆ ಇಳಿಯುತ್ತದೆಯೇ ಹೊರತು ಮೇಲಕ್ಕೆ ಏರದು, ಜಮೀನಿಲ್ಲದವನಿಗೆ ಅದರ ಅಗತ್ಯವೇ ಬೀಳದು. ಕಾಗದವು ಆಸ್ತಿಯನ್ನು ಮಾತ್ರ ನೆನೆಯುವುದಾದರೆ, ಒಕ್ಕಲಾಗಿ ಬದುಕಿ ಸತ್ತವನನ್ನು ನೆನೆಯುವವರು ಯಾರು?

ಈ ಸೀಮೆಯ ಪ್ರತಿಯೊಂದು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಊರಿನ ಮನೆತನಗಳ ಪುಸ್ತಕವೊಂದು ಇರಬೇಕು. ಅದರಲ್ಲಿ ಮುಳುಗಿದ ಊರಿನ ಹೆಸರು, ಮನೆಯ ಹೆಸರು, ಹೆಣ್ಣುಮಕ್ಕಳ ತವರುಮನೆ, ಎಳೆಯದರಲ್ಲಿಯೇ ತೀರಿಕೊಂಡ ಮಕ್ಕಳು, ಊರು ಬಿಟ್ಟ ಬಳಿಕ ಯಾರು ಎಲ್ಲಿಗೆ ಹೋದರು ಎಂಬುದು, ಇಷ್ಟಾದರೂ ಬೇಕು. ಬರೆಯಿಸಲು ಒಪ್ಪದವರನ್ನು ಒತ್ತಾಯಿಸಬಾರದು. ಬರೆದುದರ ಪ್ರತಿ ಆ ಮನೆಗೆ ಸಲ್ಲಬೇಕು. ನನ್ನದೂ ಸೇರಿದಂತೆ ಯಾವ ಮತಸಂಸ್ಥೆಗೂ ಅದರ ಮೇಲೆ ಅಧಿಕಾರವಿರಬಾರದು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರನ್ನು ಮೀರಿ ಮಳೆ ಸುರಿಯುವ ಆಗುಂಬೆಯಲ್ಲಿ ಕಾಗದವೊಂದನ್ನೇ ನೆಚ್ಚುವಂತಿಲ್ಲವಾದುದರಿಂದ ಪುಟಗಳ ಛಾಯಾಚಿತ್ರ ತೆಗೆದು ಬಯಲುಸೀಮೆಯ ಒಂದು ಗ್ರಂಥಾಲಯದಲ್ಲಿಯೂ ಇರಿಸಬೇಕು. ನಮ್ಮ ಮನೆಯಲ್ಲಿ ಸೋಮವಾರದ ಸಂಜೆ, ಸಭೆಯ ವಾಡಿಕೆಯಂತೆ ಕುಟುಂಬದವರೆಲ್ಲ ಕೂಡಿ ಕೂರುವಾಗ, ಮಕ್ಕಳು ಒಬ್ಬ ಹಿರಿಯರ ವಿಷಯವನ್ನು ಬರೆಯುತ್ತಾರೆ. ಶಾಲೆಯ ಮಕ್ಕಳು ರಜೆಯಲ್ಲಿ ಇದನ್ನು ಮಾಡಬಲ್ಲರು. ಲಿಂಗನಮಕ್ಕಿ ತುಂಬಿದಾಗ ಇಪ್ಪತ್ತರ ಪ್ರಾಯದಲ್ಲಿದ್ದವರು ಈಗ ಎಂಬತ್ತನ್ನು ದಾಟಿದ್ದಾರೆ. ಪಂಚಾಯಿತಿಯ ನಿರ್ಣಯಕ್ಕೆ ಕಾಯದೆ, ಬರುವ ಮಳೆಗಾಲಕ್ಕೆ ಮುನ್ನ, ಮೊದಲು ಅವರ ಬಳಿಗೆ ಹೋಗಬೇಕು. ಹೋದಾಗ ಅಜ್ಜಿಯರನ್ನು ಮೊದಲು ಕೇಳಬೇಕು.