ಔಷಧವಿದ್ಯೆಯೂ ಕನ್ನಡಕ್ಕೆ ಬರಲಿ

ಅಂಬಾಜಿದುರ್ಗದ ಆಸುಪಾಸಿನಲ್ಲಿ ಕನ್ನಡ, ತೆಲುಗುಗಳೆರಡೂ ಮನೆಮಾತು. ಮಾತ್ರೆಯ ಕಟ್ಟಿನ ಮೇಲಿನ ಬರಹವೋ ಬಹುತೇಕ ಇಂಗ್ಲಿಷು. 1956ರಲ್ಲಿ ನಾಡು ಒಂದಾದರೂ ವೈದ್ಯಕಾಲೇಜುಗಳ ಔಷಧಪಾಠಕ್ಕೆ ಕನ್ನಡವು ಇಂದಿಗೂ ಹೊರಗಿನದೇ. ಭಾಷೆಗೆ ಶಕ್ತಿ ಸಾಲದಂತೆ! 14ನೆಯ ಶತಮಾನದಲ್ಲಿಯೇ ಮಂಗರಾಜನು ‘ಖಗೇಂದ್ರಮಣಿದರ್ಪಣ’ದಲ್ಲಿ ವಿಷಗಳನ್ನೂ ಅವುಗಳ ಚಿಕಿತ್ಸೆಯನ್ನೂ ಕನ್ನಡದಲ್ಲಿ ನಿರೂಪಿಸಿರಲು, ಇದನ್ನು ನಾವು ಸೋಮಾರಿಗಳ ನೆಪವೆಂದೇ ಎಣಿಸುವೆವು.

ಪ್ಯಾರಾಸಿಟಮಾಲ್ ಜ್ವರದ ತಾಪವನ್ನು ಇಳಿಸುವುದೇ ಹೊರತು ರೋಗಾಣುವನ್ನು ಕೊಲ್ಲದು. ಅಮಾಕ್ಸಿಸಿಲಿನ್ ಬ್ಯಾಕ್ಟೀರಿಯಗಳನ್ನು ಕೊಲ್ಲುವುದು. ನೆಗಡಿಯ ವೈರಸ್ಸನ್ನು ಮುಟ್ಟದು. ನೆಗಡಿಗೆಲ್ಲ ಅದನ್ನೇ ನುಂಗುತ್ತ ಹೋದರೆ ಅದಕ್ಕೆ ಬಗ್ಗದ ಬ್ಯಾಕ್ಟೀರಿಯಗಳೇ ಉಳಿದು ಹೆಚ್ಚುವುವು. ನಿಜವಾದ ಆಪತ್ತು ಬಂದಾಗ ಮದ್ದು ನಾಟದು. ಕಟ್ಟಿನ ಮೇಲಿನ ಕೆಂಪು ಗೆರೆಯು ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದೆಂಬುದರ ಗುರುತು. ಇಷ್ಟನ್ನು ಚಿಂತಾಮಣಿಯ ಉಪಾಧ್ಯಾಯರು ಒಂದೇ ಪಾಠದಲ್ಲಿ ತಿಳಿಸಬಲ್ಲರು. ಅವರ ಕೈಗೆ ಕನ್ನಡದ ಪುಸ್ತಕವನ್ನಿಡುವ ಹೊಣೆ ಸರ್ಕಾರದ್ದು.